ಭ್ರೂಣದ ಎಕೋಕಾರ್ಡಿಯೋಗ್ರಫಿ

ಭ್ರೂಣದ ಎಕೋಕಾರ್ಡಿಯೋಗ್ರಫಿ ಎಂಬುದು ತಾಯಿಯ ಗರ್ಭದಲ್ಲಿರುವ ಶಿಶುವಿನ ಹೃದಯದ ರಚನೆ, ಬಡಿತದ ಲಯ ಮತ್ತು ರಕ್ತದ ಹರಿವನ್ನು ಶ್ರವಣಾತೀತ ಧ್ವನಿತರಂಗಗಳ ನೆರವಿನಿಂದ ವಿವರವಾಗಿ ಪರೀಕ್ಷಿಸುವ ವೈದ್ಯಕೀಯ ವಿಧಾನ. ಕರ್ನಾಟಕದ ಆಸ್ಪತ್ರೆಗಳಲ್ಲಿ ಇದನ್ನು ‘ಫೀಟಲ್ ಎಕೋ’ ಎಂದು ಕರೆಯುವುದು ರೂಢಿ. ಗರ್ಭಿಣಿಯರಿಗೆ ಐದನೆಯ ತಿಂಗಳಲ್ಲಿ ಮಾಡುವ ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿಯೂ ಶಿಶುವಿನ ಹೃದಯವನ್ನು ನೋಡಲಾಗುತ್ತದೆ. ಆದರೆ ಆ ಪರೀಕ್ಷೆಯಲ್ಲಿ ಹೃದಯವು ತಲೆ, ಬೆನ್ನುಹುರಿ, ಮೂತ್ರಪಿಂಡ, ಕೈಕಾಲುಗಳ ಸಾಲಿನಲ್ಲಿ ಒಂದು ಅಂಗ ಮಾತ್ರ. ಫೀಟಲ್ ಎಕೋದಲ್ಲಿ ಪರೀಕ್ಷಕರ ಗಮನವೆಲ್ಲ ಹೃದಯದ ಮೇಲೆಯೇ ಇರುತ್ತದೆ.

ಹುಟ್ಟುವ ಪ್ರತಿ 1000 ಶಿಶುಗಳಲ್ಲಿ ಸುಮಾರು 8ರಿಂದ 9 ಶಿಶುಗಳಿಗೆ ಹೃದಯದ ಒಂದಲ್ಲ ಒಂದು ರಚನಾದೋಷ ಇರುತ್ತದೆ. ಜನ್ಮಜಾತ ದೋಷಗಳಲ್ಲೆಲ್ಲ ಹೆಚ್ಚು ಸಾಮಾನ್ಯವಾದುದು ಇದೇ. ಅವುಗಳಲ್ಲಿ ಅನೇಕವು ಸಣ್ಣ ದೋಷಗಳಾಗಿದ್ದು, ತಾವಾಗಿಯೇ ಮುಚ್ಚಿಕೊಳ್ಳುತ್ತವೆ ಅಥವಾ ನಿಧಾನವಾಗಿ ಚಿಕಿತ್ಸೆ ಮಾಡಿಸಲು ಕಾಲಾವಕಾಶ ಕೊಡುತ್ತವೆ. ಉಳಿದ ಕೆಲವು ದೋಷಗಳಲ್ಲಿ ಹುಟ್ಟಿದ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಜೀವಕ್ಕೆ ಅಪಾಯ ಎದುರಾಗುತ್ತದೆ. ಅಂತಹ ಶಿಶು ಎಲ್ಲಿ ಹುಟ್ಟಬೇಕು, ಹುಟ್ಟುವಾಗ ಯಾರು ಹತ್ತಿರವಿರಬೇಕು ಎಂಬುದನ್ನು ಮೊದಲೇ ನಿರ್ಧರಿಸಲು ನೆರವಾಗುವುದೇ ಈ ಪರೀಕ್ಷೆಯ ಮುಖ್ಯ ಪ್ರಯೋಜನ.

ಗರ್ಭದೊಳಗಿನ ರಕ್ತಪರಿಚಲನೆ

ಈ ಪರೀಕ್ಷೆಯ ಅಗತ್ಯವನ್ನು ತಿಳಿಯಬೇಕಾದರೆ ಗರ್ಭಸ್ಥ ಶಿಶುವಿನ ರಕ್ತಪರಿಚಲನೆ ಹುಟ್ಟಿದ ಮಗುವಿನದಕ್ಕಿಂತ ಹೇಗೆ ಬೇರೆ ಎಂಬುದನ್ನು ಮೊದಲು ಅರಿಯಬೇಕು. ಗರ್ಭಧಾರಣೆಯಾದ ಸುಮಾರು ಮೂರು ವಾರಗಳಲ್ಲಿ, ಅನೇಕ ಸಲ ತಾಯಿಗೆ ತಾನು ಗರ್ಭಿಣಿ ಎಂಬುದು ಖಚಿತವಾಗುವ ಮೊದಲೇ, ಭ್ರೂಣದ ಹೃದಯ ಬಡಿಯಲು ತೊಡಗುತ್ತದೆ. ಆರಂಭದಲ್ಲಿ ಅದೊಂದು ನೇರವಾದ ಕೊಳವೆ. ಆ ಕೊಳವೆ ಬಾಗಿ, ತಿರುಚಿ, ನಡುವೆ ಗೋಡೆಗಳೆದ್ದು, ಗರ್ಭಧಾರಣೆಯ ನಂತರದ ಎಂಟನೆಯ ವಾರದ ಹೊತ್ತಿಗೆ ನಾಲ್ಕು ಕೋಣೆಗಳ ಹೃದಯವಾಗುತ್ತದೆ. ಬಹುತೇಕ ರಚನಾದೋಷಗಳು ಹುಟ್ಟುವುದು ಈ ಅಲ್ಪಾವಧಿಯಲ್ಲಿಯೇ. ಆಮೇಲೆ ಗರ್ಭಿಣಿ ಏನು ಉಂಡಳು, ಯಾವ ಕೆಲಸ ಮಾಡಿದಳು, ಗ್ರಹಣದ ದಿನ ಹೊರಗೆ ಬಂದಳೇ ಎಂಬ ವಿಚಾರಣೆಗೂ ಈ ದೋಷಗಳಿಗೂ ಸಂಬಂಧವಿಲ್ಲ. ಮನೆಯ ಹಿರಿಯರು ಸೊಸೆಯನ್ನು ದೂರುವುದು ಇಂದಿಗೂ ನಿಂತಿಲ್ಲವಾದ್ದರಿಂದ ಈ ಸಂಗತಿಯನ್ನು ಸ್ಪಷ್ಟವಾಗಿ ಹೇಳಬೇಕಾಗುತ್ತದೆ.

ಗರ್ಭದೊಳಗೆ ಶಿಶು ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ತಾಯಿಯ ರಕ್ತದಿಂದ ಮಾಸುವಿನ ಮೂಲಕ, ಹೊಕ್ಕುಳಬಳ್ಳಿಯ ಹಾದಿಯಲ್ಲಿ ಬರುತ್ತದೆ. ಶ್ವಾಸಕೋಶಗಳಿಗೆ ಕೆಲಸವಿಲ್ಲದ ಕಾರಣ ಅಲ್ಲಿಗೆ ಹೆಚ್ಚು ರಕ್ತ ಹೋಗುವ ಅಗತ್ಯವೂ ಇಲ್ಲ. ಆದ್ದರಿಂದ ಭ್ರೂಣದ ಹೃದಯದಲ್ಲಿ ಎರಡು ಅಡ್ಡದಾರಿಗಳಿರುತ್ತವೆ. ಮೊದಲನೆಯದು ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿರುವ ಅಂಡಾಕಾರದ ಕಿಂಡಿ. ಎರಡನೆಯದು ಶ್ವಾಸಕೋಶಕ್ಕೆ ಹೋಗುವ ಅಪಧಮನಿಯನ್ನೂ ಮಹಾಪಧಮನಿಯನ್ನೂ ಜೋಡಿಸುವ, ಡಕ್ಟಸ್ ಆರ್ಟೀರಿಯೋಸಸ್ ಎಂಬ ಚಿಕ್ಕ ನಾಳ. ಕೆರೆಯ ಒಂದು ತೂಬು ಕಟ್ಟಿಕೊಂಡರೂ ನೀರು ಇನ್ನೊಂದರಿಂದ ಹರಿದು ಗದ್ದೆ ಸೇರುವಂತೆ, ಹೃದಯದ ಒಂದು ಭಾಗ ಸರಿಯಾಗಿ ಬೆಳೆಯದಿದ್ದರೂ ಈ ಅಡ್ಡದಾರಿಗಳ ಮೂಲಕ ರಕ್ತ ದೇಹಕ್ಕೆ ತಲುಪುತ್ತಲೇ ಇರುತ್ತದೆ. ಹೃದಯದ ಎಡಭಾಗ ಬೆಳೆಯದೇ ಇರುವ ಶಿಶು ಕೂಡ ಗರ್ಭದಲ್ಲಿ ಕೈಕಾಲು ಆಡಿಸುತ್ತ, ತೂಕ ಏರಿಸಿಕೊಳ್ಳುತ್ತ, ನವಮಾಸ ತುಂಬಿಸಿ ಹುಟ್ಟಬಲ್ಲದು. ತಾಯಿಗೆ ಯಾವ ಸುಳಿವೂ ಸಿಗುವುದಿಲ್ಲ.

ಹುಟ್ಟಿದ ಕೂಡಲೇ ಸ್ಥಿತಿ ಬದಲಾಗುತ್ತದೆ. ಮಗು ಅತ್ತೊಡನೆ ಶ್ವಾಸಕೋಶಗಳು ಅರಳಿ ಅಲ್ಲಿಗೆ ರಕ್ತ ನುಗ್ಗುತ್ತದೆ. ಕಿಂಡಿಯ ಪರದೆ ಮುಚ್ಚಿಕೊಳ್ಳುತ್ತದೆ. ಡಕ್ಟಸ್ ನಾಳವು ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳೊಳಗೆ ಸಂಕುಚಿತವಾಗಿ ಮುಚ್ಚುತ್ತದೆ. ಆರೋಗ್ಯವಂತ ಮಗುವಿಗೆ ಇದು ಒಳ್ಳೆಯದು. ಆ ನಾಳವನ್ನೇ ಆಶ್ರಯಿಸಿದ್ದ ಮಗುವಿಗೆ ಇದು ಮಾರಕ. ಹುಟ್ಟಿದಾಗ ಚೆನ್ನಾಗಿ ಹಾಲು ಕುಡಿದು, ಎರಡನೆಯ ದಿನ ಮನೆಗೆ ಬಂದು, ನಾಲ್ಕನೆಯ ದಿನ ಬೂದುಬಣ್ಣಕ್ಕೆ ತಿರುಗಿ ತಣ್ಣಗಾಗುವ ಶಿಶುಗಳ ಹಿಂದಿನ ಕಾರಣ ಅನೇಕ ವೇಳೆ ಇದೇ. ಹಿಂದಿನ ಕಾಲದಲ್ಲಿ ‘ಬಾಲಗ್ರಹ’, ‘ದೃಷ್ಟಿ’ ಎಂದು ಕರೆದು ಮುಗಿಸಿದ ಸಾವುಗಳಲ್ಲಿ ಇಂತಹವೂ ಸೇರಿರಬೇಕು.

ಇತಿಹಾಸ

ಧ್ವನಿಯಿಂದ ದೇಹದ ಒಳಭಾಗವನ್ನು ನೋಡುವ ವಿದ್ಯೆ ವೈದ್ಯಶಾಲೆಯಲ್ಲಿ ಹುಟ್ಟಿದ್ದಲ್ಲ. ಲೋಹದ ತಗಡುಗಳಲ್ಲಿನ ಬಿರುಕುಗಳನ್ನು ಹುಡುಕಲು ಹಡಗುಕಟ್ಟೆ, ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಯಂತ್ರವೇ ಇದರ ಪೂರ್ವಜ. ಸ್ವೀಡನ್‌ನ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಅಂತಹ ಯಂತ್ರವೊಂದನ್ನು ಬಳಸಿ 1953ರಲ್ಲಿ ಮಾನವ ಹೃದಯದ ಚಲನೆಯನ್ನು ದಾಖಲಿಸಿದರು. ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ ಪ್ರಸೂತಿತಜ್ಞ ಇಯಾನ್ ಡೊನಾಲ್ಡ್ ತಮ್ಮ ಸಹೋದ್ಯೋಗಿಗಳೊಡನೆ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಗರ್ಭಿಣಿಯರ ಸ್ಕ್ಯಾನಿಂಗ್‌ಗೆ ನಾಂದಿ ಹಾಡಿತು.

ಇವೆರಡು ವಿದ್ಯೆಗಳು ಭ್ರೂಣದ ಹೃದಯದಲ್ಲಿ ಸಂಧಿಸಲು ಇನ್ನೂ ಎರಡು ದಶಕಗಳು ಬೇಕಾದವು. 1970ರ ದಶಕದ ಆರಂಭದಲ್ಲಿ ಭ್ರೂಣದ ಹೃದಯದ ಗೋಡೆಗಳ ಚಲನೆಯನ್ನು ರೇಖೆಗಳಾಗಿ ದಾಖಲಿಸುವುದು ಸಾಧ್ಯವಾಯಿತು. ಚಲಿಸುವ ಚಿತ್ರವನ್ನು ತೋರಿಸುವ ಯಂತ್ರಗಳು ಬಂದ ಮೇಲೆ, 1980ರಲ್ಲಿ, ಲಂಡನ್ನಿನಲ್ಲಿ ಲಿಂಡ್ಸೆ ಆಲನ್ ಅವರೂ ಅಮೆರಿಕದಲ್ಲಿ ಚಾರ್ಲ್ಸ್ ಕ್ಲೈನ್‌ಮನ್ ಅವರೂ ತಮ್ಮ ತಮ್ಮ ತಂಡಗಳೊಡನೆ ಭ್ರೂಣದ ಹೃದಯದ ಅಡ್ಡಕೊಯ್ತದ ನೋಟಗಳನ್ನು ವಿವರಿಸಿದರು. ತೆರೆಯ ಮೇಲೆ ಕಂಡ ಚಿತ್ರಗಳನ್ನು ನಿಜವಾದ ಅಂಗರಚನೆಯೊಡನೆ ಹೋಲಿಸಿ ನೋಡಿದ್ದು ಆಲನ್ ಅವರ ಕೆಲಸದ ವಿಶೇಷ. 1980ರ ದಶಕದ ನಡುವಿನಲ್ಲಿ ಫ್ರಾನ್ಸ್‌ನ ವೈದ್ಯರು ನಾಲ್ಕು ಕೋಣೆಗಳ ನೋಟವನ್ನು ಎಲ್ಲ ಗರ್ಭಿಣಿಯರ ಸಾಮಾನ್ಯ ಪರೀಕ್ಷೆಯಲ್ಲಿಯೇ ಸೇರಿಸಬೇಕೆಂದು ಪ್ರತಿಪಾದಿಸಿದರು. ವರ್ಣ ಡಾಪ್ಲರ್ ಬಳಕೆಗೆ ಬಂದದ್ದೂ ಅದೇ ದಶಕದಲ್ಲಿ.

ಕಾರ್ಯವಿಧಾನ

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಕೇಳಬಲ್ಲದು. ಈ ಪರೀಕ್ಷೆಯಲ್ಲಿ ಬಳಸುವ ಧ್ವನಿ ಸೆಕೆಂಡಿಗೆ ಹಲವು ಲಕ್ಷ ಬಾರಿ, ಸಾಮಾನ್ಯವಾಗಿ 30 ಲಕ್ಷದಿಂದ 80 ಲಕ್ಷ ಬಾರಿ, ಕಂಪಿಸುತ್ತದೆ. ತಾಯಿಯ ಹೊಟ್ಟೆಯ ಮೇಲೆ ಜೆಲ್ ಸವರಿ ಇಡುವ ‘ಪ್ರೋಬ್’ ಈ ಧ್ವನಿಯನ್ನು ಹೊರಡಿಸುತ್ತದೆ ಮತ್ತು ಮರಳಿ ಬಂದ ಪ್ರತಿಧ್ವನಿಯನ್ನು ತಾನೇ ಗ್ರಹಿಸುತ್ತದೆ. ಮೃದು ಅಂಗಾಂಶಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಪ್ರತಿಧ್ವನಿ ಮರಳಲು ಹಿಡಿದ ಕಾಲದಿಂದ ಅದು ಎಷ್ಟು ಆಳದಿಂದ ಬಂತೆಂದು ಯಂತ್ರ ಲೆಕ್ಕ ಹಾಕಿ ಚಿತ್ರವನ್ನು ರಚಿಸುತ್ತದೆ. ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಕೂಗಿ ಮರುದನಿ ಕೇಳಿದವರಿಗೆ ತತ್ತ್ವ ಹೊಸದಲ್ಲ. ಅಳೆಯುವ ಸೂಕ್ಷ್ಮತೆ ಮಾತ್ರ ಹೊಸದು.

ಕಂಪನ ಹೆಚ್ಚಾದಷ್ಟೂ ಚಿತ್ರದ ಸೂಕ್ಷ್ಮತೆ ಹೆಚ್ಚುತ್ತದೆ, ಆದರೆ ಧ್ವನಿ ತಲುಪುವ ಆಳ ಕಡಿಮೆಯಾಗುತ್ತದೆ. ಸೆಕೆಂಡಿಗೆ 50 ಲಕ್ಷ ಕಂಪನಗಳ ಧ್ವನಿಯ ತರಂಗಾಂತರ ಸುಮಾರು 0.3 ಮಿಲಿಮೀಟರ್. ಐದನೆಯ ತಿಂಗಳಿನ ಭ್ರೂಣದ ಹೃದಯದ ಉದ್ದ ಎರಡು ಸೆಂಟಿಮೀಟರಿನ ಆಸುಪಾಸು. ಅದರ ಗೋಡೆಯಲ್ಲಿರುವ ಒಂದು ಮಿಲಿಮೀಟರಿನ ರಂಧ್ರವನ್ನು ಕಾಣುವುದು ಎಷ್ಟು ಕಷ್ಟ ಎಂಬುದನ್ನು ಇದರಿಂದ ಊಹಿಸಬಹುದು. ಹೃದಯವು ಚಲಿಸುತ್ತಲೇ ಇರುವುದು ಇನ್ನೊಂದು ತೊಡಕು. ಭ್ರೂಣದ ಹೃದಯ ನಿಮಿಷಕ್ಕೆ 110ರಿಂದ 160 ಬಾರಿ ಬಡಿಯುತ್ತದೆ. ಅಂದರೆ ಒಂದು ಬಡಿತ ಸುಮಾರು ಅರ್ಧ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದನ್ನು ಹಿಡಿಯಲು ಯಂತ್ರವು ಸೆಕೆಂಡಿಗೆ ಹಲವು ಹತ್ತು ಚಿತ್ರಗಳನ್ನು ತೆಗೆಯಬೇಕು.

ರಕ್ತದ ಹರಿವನ್ನು ಅಳೆಯಲು 1842ರಲ್ಲಿ ಆಸ್ಟ್ರಿಯದ ಕ್ರಿಸ್ಟಿಯನ್ ಡಾಪ್ಲರ್ ವಿವರಿಸಿದ ತತ್ತ್ವವನ್ನು ಬಳಸುತ್ತಾರೆ. ಖಾನಾಪುರ ನಿಲ್ದಾಣದಲ್ಲಿ ನಿಲ್ಲದೆ ಲೋಂಡಾ ಕಡೆಗೆ ಸಾಗುವ ರೈಲಿನ ಸೀಟಿ, ಹತ್ತಿರ ಬರುವಾಗ ತಾರಕದಲ್ಲಿಯೂ ದಾಟಿಹೋದೊಡನೆ ಮಂದ್ರಕ್ಕಿಳಿದೂ ಕೇಳುತ್ತದೆ. ಹಾಗೆಯೇ ಪ್ರೋಬ್‌ನತ್ತ ಹರಿಯುವ ರಕ್ತದಿಂದ ಮರಳಿದ ಧ್ವನಿಯ ಕಂಪನ ಹೆಚ್ಚಾಗಿಯೂ ದೂರ ಸರಿಯುವ ರಕ್ತದಿಂದ ಮರಳಿದ್ದು ಕಡಿಮೆಯಾಗಿಯೂ ಇರುತ್ತದೆ. ವರ್ಣ ಡಾಪ್ಲರ್‌ನಲ್ಲಿ ಸಾಮಾನ್ಯವಾಗಿ ಒಂದನ್ನು ಕೆಂಪಾಗಿಯೂ ಇನ್ನೊಂದನ್ನು ನೀಲಿಯಾಗಿಯೂ ತೋರಿಸಲಾಗುತ್ತದೆ. ಈ ಬಣ್ಣಗಳು ದಿಕ್ಕನ್ನು ಸೂಚಿಸುತ್ತವೆಯೇ ಹೊರತು ಶುದ್ಧ ರಕ್ತ, ಅಶುದ್ಧ ರಕ್ತ ಎಂಬ ಭೇದವನ್ನಲ್ಲ. ಶಾಲೆಯ ಪಠ್ಯಪುಸ್ತಕದ ಕೆಂಪು–ನೀಲಿ ಹೃದಯದ ಚಿತ್ರ ನೋಡಿದ ವಿದ್ಯಾರ್ಥಿಗಳು ಇಲ್ಲಿ ಸುಲಭವಾಗಿ ತಪ್ಪು ತಿಳಿಯುತ್ತಾರೆ.

2003ರ ಸುಮಾರಿಗೆ ಬಂದ ‘ಸ್ಟಿಕ್’ ಎಂಬ ತಂತ್ರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇದರಲ್ಲಿ ಪ್ರೋಬ್ ಕೆಲವು ಸೆಕೆಂಡುಗಳ ಕಾಲ ಹೃದಯದ ಮೇಲೆ ನಿಧಾನವಾಗಿ ಹಾದು ನೂರಾರು ಚಿತ್ರಗಳನ್ನು ಸಂಗ್ರಹಿಸುತ್ತದೆ. ಗಣಕಯಂತ್ರವು ಅವುಗಳನ್ನು ಬಡಿತದ ಹಂತಕ್ಕೆ ಅನುಸಾರವಾಗಿ ಜೋಡಿಸಿ, ಬಡಿಯುತ್ತಿರುವ ಒಂದು ಘನಾಕೃತಿಯ ಹೃದಯವನ್ನು ಕಟ್ಟಿಕೊಡುತ್ತದೆ. ಗರ್ಭಿಣಿ ಮನೆಗೆ ಹೋದ ಮೇಲೂ ತಜ್ಞರು ಆ ಸಂಗ್ರಹವನ್ನು ಯಾವ ಕೋನದಿಂದಲಾದರೂ ಕತ್ತರಿಸಿ ನೋಡಬಹುದು. ಬೇರೆ ಊರಿನ ತಜ್ಞರಿಗೆ ಕಳುಹಿಸಲೂಬಹುದು. ಕೃತಕ ಬುದ್ಧಿಮತ್ತೆಯ ಪ್ರಯೋಗಗಳೂ ನಡೆದಿವೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು 2021ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಅಂತಹ ಅಧ್ಯಯನವನ್ನು ಪ್ರಕಟಿಸಿತು. ಸದ್ಯಕ್ಕೆ ಇವೆಲ್ಲ ನುರಿತ ಕಣ್ಣಿಗೆ ಸಹಾಯಕಗಳು, ಅದರ ಬದಲಿಗಳಲ್ಲ.

ಕ್ಷ-ಕಿರಣಗಳಂತೆ ಇದರಲ್ಲಿ ವಿಕಿರಣವಿಲ್ಲ. ದಶಕಗಳ ಬಳಕೆಯಲ್ಲಿ ಶಿಶುವಿಗೆ ಹಾನಿಯಾದದ್ದು ಸಿದ್ಧಪಟ್ಟಿಲ್ಲ. ಆದರೂ ಧ್ವನಿಶಕ್ತಿಯು ಅಲ್ಪ ಪ್ರಮಾಣದ ಶಾಖವನ್ನು ಉಂಟುಮಾಡುವುದರಿಂದ, ಅಗತ್ಯವಿರುವಷ್ಟೇ ಶಕ್ತಿಯನ್ನು ಅಗತ್ಯವಿರುವಷ್ಟೇ ಹೊತ್ತು ಬಳಸಬೇಕು ಎಂಬುದು ಎಲ್ಲೆಡೆ ಒಪ್ಪಿತವಾದ ನಿಯಮ.

ಪರೀಕ್ಷೆಯಲ್ಲಿ ನೋಡುವ ನೋಟಗಳು

ಪರೀಕ್ಷಕರು ಮೊದಲು ಶಿಶುವಿನ ಎಡ–ಬಲಗಳನ್ನು ಗೊತ್ತುಮಾಡಿಕೊಳ್ಳುತ್ತಾರೆ. ಇದು ತೋರುವಷ್ಟು ಸರಳವಲ್ಲ. ಶಿಶು ತಲೆಕೆಳಗಾಗಿ, ಅಡ್ಡಲಾಗಿ, ಬೆನ್ನು ತಿರುಗಿಸಿ ಹೇಗಾದರೂ ಮಲಗಿರಬಹುದು. ಜಠರವೂ ಹೃದಯದ ತುದಿಯೂ ಎಡಗಡೆಗೆ ಇರಬೇಕು. ಅನಂತರ ಎದೆಗೂಡಿನ ಅಡ್ಡಕೊಯ್ತದಲ್ಲಿ ನಾಲ್ಕು ಕೋಣೆಗಳ ನೋಟ. ಹೃದಯವು ಎದೆಯ ಸುಮಾರು ಮೂರನೆಯ ಒಂದು ಭಾಗವನ್ನು ಆಕ್ರಮಿಸಿ, ಮಧ್ಯರೇಖೆಯಿಂದ ಸುಮಾರು 45 ಡಿಗ್ರಿ ಎಡಕ್ಕೆ ವಾಲಿರುತ್ತದೆ. ಎರಡು ಹೃತ್ಕರ್ಣಗಳು, ಎರಡು ಹೃತ್ಕುಕ್ಷಿಗಳು ಗಾತ್ರದಲ್ಲಿ ಹೆಚ್ಚುಕಡಿಮೆ ಸಮನಾಗಿರಬೇಕು.

ಇಷ್ಟಕ್ಕೇ ನಿಲ್ಲಿಸಿದರೆ ಗಂಭೀರವಾದ ಕೆಲವು ದೋಷಗಳು ಕಣ್ತಪ್ಪುತ್ತವೆ. ಮಹಾಧಮನಿಗಳ ಸ್ಥಾನಪಲ್ಲಟ ಎಂಬ ದೋಷ ಇದಕ್ಕೆ ಒಳ್ಳೆಯ ಉದಾಹರಣೆ. ಇದರಲ್ಲಿ ನಾಲ್ಕು ಕೋಣೆಗಳೂ ನೆಟ್ಟಗಿರುತ್ತವೆ. ಅವುಗಳಿಂದ ಹೊರಡುವ ನಾಳಗಳು ಮಾತ್ರ ಅದಲುಬದಲಾಗಿರುತ್ತವೆ. ಬಲಗಡೆಯಿಂದ ಮಹಾಪಧಮನಿಯೂ ಎಡಗಡೆಯಿಂದ ಶ್ವಾಸಕೋಶದ ಅಪಧಮನಿಯೂ ಹೊರಡುತ್ತವೆ. ಪರಿಣಾಮವಾಗಿ ಹುಟ್ಟಿದ ಮೇಲೆ ಆಮ್ಲಜನಕವುಳ್ಳ ರಕ್ತ ಶ್ವಾಸಕೋಶಕ್ಕೇ ಮರಳಿ ಸುತ್ತುತ್ತದೆ, ಆಮ್ಲಜನಕವಿಲ್ಲದ ರಕ್ತ ದೇಹವನ್ನೇ ಸುತ್ತುತ್ತದೆ. ಮನೆ ಸರಿಯಾಗಿದ್ದು ಬಾಗಿಲುಗಳು ತಪ್ಪು ಬೀದಿಗೆ ತೆರೆದಂತೆ. ಈ ಕಾರಣದಿಂದ ಇಂದಿನ ಮಾರ್ಗಸೂಚಿಗಳು ಎಡ ಹೃತ್ಕುಕ್ಷಿಯ ಹೊರದಾರಿ, ಬಲ ಹೃತ್ಕುಕ್ಷಿಯ ಹೊರದಾರಿ, ಮೂರು ನಾಳಗಳು ಸಾಲಾಗಿ ಕಾಣುವ ನೋಟ ಇವುಗಳನ್ನೂ ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿಯೇ ಸೇರಿಸುತ್ತವೆ. ಆರೋಗ್ಯವಂತ ಹೃದಯದಲ್ಲಿ ಎರಡು ದೊಡ್ಡ ನಾಳಗಳು ಹೊರಡುವಲ್ಲಿ ಒಂದನ್ನೊಂದು ಅಡ್ಡಹಾಯುತ್ತವೆ. ಸ್ಥಾನಪಲ್ಲಟದಲ್ಲಿ ಅವು ಸಮಾನಾಂತರವಾಗಿ ಸಾಗುತ್ತವೆ. ಇದೊಂದನ್ನು ಗಮನಿಸಲು ಕಲಿತ ಪರೀಕ್ಷಕರು ಅನೇಕ ಜೀವಗಳನ್ನು ಉಳಿಸಬಲ್ಲರು.

ಯಾವಾಗ, ಯಾರಿಗೆ

ಪರೀಕ್ಷೆಗೆ ಪ್ರಶಸ್ತವಾದ ಕಾಲ ಗರ್ಭದ 18ರಿಂದ 24ನೆಯ ವಾರ. ಅದಕ್ಕಿಂತ ಮೊದಲು ಹೃದಯ ತೀರ ಚಿಕ್ಕದು. ದಿನ ತುಂಬುತ್ತ ಬಂದಂತೆ ಪಕ್ಕೆಲುಬುಗಳು ಗಟ್ಟಿಯಾಗಿ ಧ್ವನಿಗೆ ಅಡ್ಡಬರುತ್ತವೆ. ಮುಂದುವರಿದ ಕೇಂದ್ರಗಳಲ್ಲಿ ಹೆಚ್ಚು ಅಪಾಯವಿರುವ ಗರ್ಭಿಣಿಯರಿಗೆ 12–14ನೆಯ ವಾರದಲ್ಲಿಯೇ ಒಂದು ಮೊದಲ ಪರೀಕ್ಷೆ ಮಾಡಿ, ಮತ್ತೆ ಐದನೆಯ ತಿಂಗಳಲ್ಲಿ ಖಚಿತಪಡಿಸಿಕೊಳ್ಳುವುದುಂಟು. ತಾಯಿ ಉಪವಾಸವಿರಬೇಕಿಲ್ಲ. ತಾಯಿಯ ಮೈ ದಪ್ಪವಾಗಿದ್ದರೆ ಅಥವಾ ಶಿಶು ಪ್ರತಿಕೂಲ ಭಂಗಿಯಲ್ಲಿದ್ದರೆ ಸ್ವಲ್ಪ ಹೊತ್ತು ಅಡ್ಡಾಡಿ ಬರಲು ಹೇಳುತ್ತಾರೆ, ಇಲ್ಲವೇ ಇನ್ನೊಂದು ದಿನ ಕರೆಯುತ್ತಾರೆ.

ಗರ್ಭ ಧರಿಸುವ ಮೊದಲೇ ತಾಯಿಗೆ ಮಧುಮೇಹವಿದ್ದರೆ, ತಂದೆ ತಾಯಿಗಾಗಲಿ ಹಿಂದಿನ ಮಗುವಿಗಾಗಲಿ ಜನ್ಮಜಾತ ಹೃದಯದೋಷವಿದ್ದರೆ, ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದ್ದರೆ, ಅಪಸ್ಮಾರದ ಕೆಲವು ಔಷಧಿಗಳನ್ನು ಅಥವಾ ಲಿಥಿಯಂ ಅನ್ನು ಸೇವಿಸುತ್ತಿದ್ದರೆ, ಒಂದೇ ಮಾಸುವನ್ನು ಹಂಚಿಕೊಂಡ ಅವಳಿಗಳಿದ್ದರೆ, ಮೂರನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಶಿಶುವಿನ ಕತ್ತಿನ ಹಿಂಭಾಗದ ದ್ರವದ ಪದರ 3.5 ಮಿಲಿಮೀಟರಿಗೆ ಮೀರಿದ್ದರೆ ಫೀಟಲ್ ಎಕೋ ಮಾಡಿಸಲು ಸೂಚಿಸಲಾಗುತ್ತದೆ. ಲೂಪಸ್‌ನಂತಹ ರೋಗಗಳಲ್ಲಿ ತಾಯಿಯ ರಕ್ತದಲ್ಲಿರುವ ‘ಆಂಟಿ-ರೋ’ ಪ್ರತಿಕಾಯಗಳು ಮಾಸುವನ್ನು ದಾಟಿ ಶಿಶುವಿನ ಹೃದಯದ ವಿದ್ಯುತ್ ವ್ಯವಸ್ಥೆಗೆ ಹಾನಿ ಮಾಡಬಲ್ಲವು. ಅಂತಹ ತಾಯಂದಿರಲ್ಲಿ ಶಿಶುವಿನ ಬಡಿತವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ.

ಕರ್ನಾಟಕದ ಮಟ್ಟಿಗೆ ವಿಶೇಷವಾಗಿ ಹೇಳಬೇಕಾದುದು ರಕ್ತಸಂಬಂಧದ ಮದುವೆ. ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ತಂದುಕೊಳ್ಳುವುದು ಇಲ್ಲಿನ ಅನೇಕ ಸಮುದಾಯಗಳಲ್ಲಿ ಹಳೆಯ ರೂಢಿ. ಇಂತಹ ದಂಪತಿಗಳ ಮಕ್ಕಳಲ್ಲಿ ಹೃದಯದೋಷದ ಸಂಭವ ಹೆಚ್ಚೆಂಬುದನ್ನು ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಹಾಗೆಂದು ಒಳಸಂಬಂಧದಲ್ಲಿ ಹುಟ್ಟಿದ ಮಕ್ಕಳೆಲ್ಲ ರೋಗಿಗಳೆಂದು ಅರ್ಥವಲ್ಲ. ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ.

ಈ ಪಟ್ಟಿಯನ್ನು ಓದಿ ತಮಗೆ ಇದಾವುದೂ ಅನ್ವಯಿಸದೆಂದು ನಿಶ್ಚಿಂತರಾಗುವವರು ಒಂದು ಮಾತನ್ನು ತಿಳಿದಿರಬೇಕು. ಹೃದಯದೋಷವುಳ್ಳ ಶಿಶುಗಳಲ್ಲಿ ಹೆಚ್ಚಿನವು ಹುಟ್ಟುವುದು ಯಾವ ಅಪಾಯಕಾರಣವೂ ಇಲ್ಲದ ತಾಯಂದಿರಿಗೆ. ಆದ್ದರಿಂದ ಎಲ್ಲರಿಗೂ ಮಾಡುವ ಐದನೆಯ ತಿಂಗಳ ಸ್ಕ್ಯಾನಿಂಗ್‌ನ ಗುಣಮಟ್ಟವೇ ನಿರ್ಣಾಯಕ. ಅಲ್ಲಿ ಅನುಮಾನ ಬಂದರೆ ಮಾತ್ರ ಫೀಟಲ್ ಎಕೋದ ಮಾತು ಬರುತ್ತದೆ.

ಕಾಣುವ ಮತ್ತು ಕಾಣದ ದೋಷಗಳು

ಎಡಭಾಗ ಬೆಳೆಯದ ಹೃದಯ, ನಾಲ್ಕು ಕೋಣೆಗಳ ಕೂಡುಸ್ಥಾನದಲ್ಲಿ ದೊಡ್ಡ ರಂಧ್ರ, ಮಹಾಧಮನಿಗಳ ಸ್ಥಾನಪಲ್ಲಟ, ಫ್ಯಾಲೋನ ಚತುರ್ದೋಷ, ಒಂದೇ ಹೃತ್ಕುಕ್ಷಿಯುಳ್ಳ ಹೃದಯ ಮುಂತಾದವುಗಳನ್ನು ನುರಿತವರು ಹುಟ್ಟುವ ಮೊದಲೇ ಗುರುತಿಸಬಲ್ಲರು. ಕೂಡುಸ್ಥಾನದ ರಂಧ್ರ ಕಂಡಾಗ ಡೌನ್ ಸಿಂಡ್ರೋಮ್ ಇರುವ ಸಾಧ್ಯತೆ ಗಣನೀಯವಾದುದರಿಂದ ಗರ್ಭಜಲದ ಪರೀಕ್ಷೆಯನ್ನೂ ಸೂಚಿಸುವುದುಂಟು.

ಕಾಣದೇ ಉಳಿಯುವ ದೋಷಗಳೂ ಇವೆ. ಕೆಳಕೋಣೆಗಳ ನಡುವಿನ ಸಣ್ಣ ರಂಧ್ರ, ಕವಾಟಗಳ ಅಲ್ಪಮಟ್ಟದ ಕಿರಿದಾಗುವಿಕೆ ತಪ್ಪಿಹೋಗಬಹುದು. ಮೇಲ್ಕೋಣೆಗಳ ನಡುವಿನ ಕಿಂಡಿ, ಡಕ್ಟಸ್ ನಾಳ ಇವೆರಡೂ ಭ್ರೂಣದಲ್ಲಿ ತೆರೆದಿರುವುದೇ ಸಹಜ. ಅವು ಹುಟ್ಟಿದ ಮೇಲೆ ಮುಚ್ಚದೇ ಉಳಿಯುವುವೇ ಎಂಬುದನ್ನು ಮೊದಲೇ ಹೇಳಲು ಬಾರದು. ಮಹಾಪಧಮನಿ ಒಂದೆಡೆ ಇಕ್ಕಟ್ಟಾಗುವ ದೋಷ, ಶ್ವಾಸಕೋಶದ ಅಭಿಧಮನಿಗಳು ತಪ್ಪು ಕಡೆ ಸೇರುವ ದೋಷ ಇವು ಅನುಭವಿಗಳನ್ನೂ ಮೋಸಗೊಳಿಸುತ್ತವೆ. ‘ಸ್ಕ್ಯಾನಿಂಗ್‌ನಲ್ಲಿ ಎಲ್ಲ ಸರಿ ಇದೆ ಅಂದಿದ್ದರು’ ಎಂಬ ತಂದೆತಾಯಂದಿರ ಸಂಕಟದ ಮಾತಿನ ಹಿಂದೆ ಎಲ್ಲ ಸಲವೂ ನಿರ್ಲಕ್ಷ್ಯವಿರುವುದಿಲ್ಲ.

ದೋಷ ಪತ್ತೆಯಾದ ನಂತರ

ಪರೀಕ್ಷೆಯ ಫಲಿತಾಂಶ ಮೂರು ದಾರಿಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಅತಿ ಮುಖ್ಯವಾದುದು ಹೆರಿಗೆಯ ಸ್ಥಳದ ಯೋಜನೆ. ಡಕ್ಟಸ್ ನಾಳವನ್ನು ಆಶ್ರಯಿಸಿದ ಶಿಶುವಿಗೆ ಹುಟ್ಟಿದ ಕೂಡಲೇ ಪ್ರೋಸ್ಟಾಗ್ಲಾಂಡಿನ್ ಔಷಧಿಯನ್ನು ನರದ ಮೂಲಕ ಹರಿಸಿದರೆ ಆ ನಾಳ ಮುಚ್ಚದೇ ಉಳಿಯುತ್ತದೆ, ಶಸ್ತ್ರಚಿಕಿತ್ಸೆಗೆ ಸಮಯ ಸಿಗುತ್ತದೆ. ಸ್ಥಾನಪಲ್ಲಟದಲ್ಲಿ, 1966ರಲ್ಲಿ ವಿಲಿಯಂ ರಾಷ್ಕಿಂಡ್ ಬಳಕೆಗೆ ತಂದ ವಿಧಾನದಂತೆ, ಬಲೂನು ತುದಿಯ ಸಣ್ಣ ನಳಿಕೆಯಿಂದ ಮೇಲ್ಕೋಣೆಗಳ ನಡುವಿನ ಕಿಂಡಿಯನ್ನು ದೊಡ್ಡದು ಮಾಡುತ್ತಾರೆ. ಅನಂತರದ ದಿನಗಳಲ್ಲಿ ನಾಳಗಳನ್ನು ಅದಲುಬದಲು ಮಾಡುವ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಪ್ಯಾರಿಸ್ಸಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಬೆಲೆಯನ್ನು ತೋರಿಸಿತು. ಹುಟ್ಟಿದ ಮೇಲೆ ಸ್ಥಾನಪಲ್ಲಟ ಪತ್ತೆಯಾದ 250 ಶಿಶುಗಳಲ್ಲಿ 15 ಶಿಶುಗಳು ಶಸ್ತ್ರಚಿಕಿತ್ಸೆಗೆ ಮೊದಲೇ ತೀರಿಕೊಂಡಿದ್ದವು. ಗರ್ಭದಲ್ಲಿಯೇ ಪತ್ತೆಯಾದ 68 ಶಿಶುಗಳಲ್ಲಿ ಒಂದೂ ಹಾಗೆ ಸಾಯಲಿಲ್ಲ.

ಎರಡನೆಯದು ಗರ್ಭದಲ್ಲಿಯೇ ಚಿಕಿತ್ಸೆ. ಶಿಶುವಿನ ಹೃದಯ ನಿಮಿಷಕ್ಕೆ 200ಕ್ಕೂ ಮಿಕ್ಕಿ ಬಡಿಯುತ್ತ ದಣಿಯುತ್ತಿದ್ದರೆ ತಾಯಿಗೆ ಡಿಗಾಕ್ಸಿನ್, ಫ್ಲೆಕನೈಡ್‌ನಂತಹ ಔಷಧಿ ಕೊಡುತ್ತಾರೆ. ಅದು ಮಾಸುವನ್ನು ದಾಟಿ ಶಿಶುವನ್ನು ತಲುಪುತ್ತದೆ. ತೀರ ಇಕ್ಕಟ್ಟಾದ ಕವಾಟವನ್ನು ಗರ್ಭದಲ್ಲಿಯೇ ಬಲೂನಿನಿಂದ ಹಿಗ್ಗಿಸುವ ಪ್ರಯತ್ನವನ್ನು ಲಂಡನ್ನಿನ ವೈದ್ಯರು 1991ರಲ್ಲಿ ವರದಿ ಮಾಡಿದರು. ಭಾರತದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯು 2023ರ ಮಾರ್ಚ್‌ನಲ್ಲಿ ಅಂತಹ ಚಿಕಿತ್ಸೆ ನಡೆಸಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಇದು ಆಯ್ದ ಕೆಲವೇ ಶಿಶುಗಳಿಗೆ ಸಲ್ಲುವ, ಅಪಾಯವೂ ಇರುವ ಚಿಕಿತ್ಸೆ.

ಮೂರನೆಯದು ಎಲ್ಲಕ್ಕಿಂತ ಕಠಿನವಾದುದು. ಸರಿಪಡಿಸಲಾಗದ ದೋಷ ಕಂಡಾಗ ಗರ್ಭವನ್ನು ಮುಂದುವರಿಸಬೇಕೇ ಎಂಬ ನಿರ್ಧಾರ ತಂದೆತಾಯಂದಿರ ಮುಂದೆ ಬರುತ್ತದೆ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಭ್ರೂಣದಲ್ಲಿ ಗಣನೀಯ ಅಸಹಜತೆ ಇದೆಯೆಂದು ರಾಜ್ಯದ ವೈದ್ಯಕೀಯ ಮಂಡಳಿ ನಿರ್ಣಯಿಸಿದರೆ 24 ವಾರಗಳ ನಂತರವೂ ಗರ್ಭಪಾತಕ್ಕೆ ಅವಕಾಶವಿದೆ. ಒಪ್ಪಿಗೆ ಕೊಡಬೇಕಾದವಳು ಗರ್ಭಿಣಿಯೇ; ವಯಸ್ಕ ಮಹಿಳೆಯ ವಿಷಯದಲ್ಲಿ ಗಂಡನ ಅಥವಾ ಅತ್ತೆಮಾವಂದಿರ ಒಪ್ಪಿಗೆಯನ್ನು ಕಾಯಿದೆ ಕೇಳುವುದಿಲ್ಲ. ವೈದ್ಯರ ಕೆಲಸ ದೋಷದ ಸ್ವರೂಪವನ್ನೂ ಚಿಕಿತ್ಸೆಯ ಸಾಧ್ಯತೆಯನ್ನೂ ಮುಚ್ಚುಮರೆಯಿಲ್ಲದೆ ವಿವರಿಸುವುದು. ಇಂದು ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ದೋಷವನ್ನೂ ‘ಹೃದಯದಲ್ಲಿ ತೂತು’ ಎಂಬ ಒಂದೇ ಮಾತಿನಲ್ಲಿ ಕೇಳಿ ಗಾಬರಿಯಿಂದ ನಿರ್ಧಾರ ಕೈಗೊಳ್ಳುವುದು ಸರಿಯಲ್ಲ.

ಲಿಂಗಪತ್ತೆ ನಿಷೇಧ ಕಾಯಿದೆ

ಭಾರತದಲ್ಲಿ ಗರ್ಭಿಣಿಯ ಯಾವುದೇ ಸ್ಕ್ಯಾನಿಂಗ್ 1994ರ ಪಿ.ಸಿ.ಪಿ.ಎನ್.ಡಿ.ಟಿ. ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ನೋಂದಾಯಿತ ಕೇಂದ್ರದಲ್ಲಿ, ಅರ್ಹ ವೈದ್ಯರೇ ಪರೀಕ್ಷೆ ನಡೆಸಬೇಕು; ಪ್ರತಿಯೊಬ್ಬ ಗರ್ಭಿಣಿಗೂ ‘ನಮೂನೆ ಎಫ್’ ಭರ್ತಿ ಮಾಡಬೇಕು; ಶಿಶುವಿನ ಲಿಂಗವನ್ನು ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ತಿಳಿಸಕೂಡದು. ಜನ್ಮಜಾತ ದೋಷಗಳ ಪತ್ತೆ ಈ ಕಾಯಿದೆಯು ಒಪ್ಪಿದ ಉದ್ದೇಶಗಳಲ್ಲೊಂದು. ಕೈಯಲ್ಲಿ ಒಯ್ಯಬಹುದಾದ ಯಂತ್ರಗಳ ಬಳಕೆಯನ್ನು 2012ರ ನಿಯಮಗಳು ಬಿಗಿಗೊಳಿಸಿದವು. ಹೆಣ್ಣುಶಿಶುಗಳ ರಕ್ಷಣೆಗೆ ಇದು ಬೇಕಾಗಿತ್ತು. ಇದರಿಂದಾಗಿ ಹಳ್ಳಿಯ ಬಾಗಿಲಿಗೆ ಯಂತ್ರ ಒಯ್ಯುವುದು ಸುಲಭವಲ್ಲದ್ದಾಗಿ, ಗರ್ಭಿಣಿಯೇ ಯಂತ್ರವಿರುವಲ್ಲಿಗೆ ಬರಬೇಕಾಗಿದೆ ಎಂಬುದೂ ನಿಜ.

ಬೆಳಗಾವಿ–ಖಾನಾಪುರ ಪ್ರದೇಶ

ಬೆಳಗಾವಿ ನಗರದ ದಕ್ಷಿಣ ಅಂಚಿನಲ್ಲಿ, ಖಾನಾಪುರ ಮಾರ್ಗವಾಗಿ ಗೋವಾಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಪೀರನವಾಡಿ ಈ ಪರೀಕ್ಷೆಯ ಭೌಗೋಳಿಕ ಸಮಸ್ಯೆಯನ್ನು ಅರಿಯಲು ತಕ್ಕ ಸ್ಥಳ. ಉತ್ತರಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ ಜಿಲ್ಲಾಸ್ಪತ್ರೆಗೆ ಹೊಂದಿಕೊಂಡ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. 1963ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ, ಅದರ ಬೋಧನಾ ಆಸ್ಪತ್ರೆಯಾದ ಕೆ.ಎಲ್.ಇ. ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ ನೆಹರೂ ನಗರದಲ್ಲಿವೆ. ದಕ್ಷಿಣಕ್ಕೆ ಹೋದಂತೆ ಖಾನಾಪುರ ತಾಲ್ಲೂಕಿನ ಸಹ್ಯಾದ್ರಿಯ ಕಾಡು ಆರಂಭವಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಭೀಮಗಡ ಅಭಯಾರಣ್ಯದೊಳಗಿನ ಗವಾಳಿ, ಕೊಂಗಳಾದಂತಹ ಊರುಗಳು ಮಳೆಗಾಲದಲ್ಲಿ ಹಳ್ಳಗಳು ತುಂಬಿದಾಗ ಹೊರಜಗತ್ತಿನ ಸಂಪರ್ಕವನ್ನೇ ಕಳೆದುಕೊಳ್ಳುತ್ತವೆ. ಪೀರನವಾಡಿಯ ಗರ್ಭಿಣಿ ಆಟೋ ಹಿಡಿದು ಬಂದು ಮಾಡಿಸಿಕೊಳ್ಳಬಹುದಾದ ಪರೀಕ್ಷೆ ಗವಾಳಿಯ ಗರ್ಭಿಣಿಗೆ ಒಂದು ಪ್ರಯಾಣ.

ಬೆಳಗಾವಿಗೆ ತಾಯಿ–ಶಿಶುಗಳ ಆರೋಗ್ಯ ಸಂಶೋಧನೆಯಲ್ಲಿ ಒಳ್ಳೆಯ ಹೆಸರಿದೆ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವಲ್ಲಿ ಮಿಸೊಪ್ರೊಸ್ಟಾಲ್ ಮಾತ್ರೆಯ ಉಪಯುಕ್ತತೆಯನ್ನು ತೋರಿಸಿ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನ ನಡೆದದ್ದು ಇದೇ ಜಿಲ್ಲೆಯ ಹಳ್ಳಿಗಳಲ್ಲಿ, ಕಿರಿಯ ಆರೋಗ್ಯ ಸಹಾಯಕಿಯರ ಕೈಯಿಂದ. ಹೃದಯದೋಷದ ಪತ್ತೆಯ ಮೊದಲ ಕೊಂಡಿಯೂ ಅವರೇ. ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಸಹಾಯಕಿ ಗರ್ಭಿಣಿಯನ್ನು ಬೇಗನೆ ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿದರೆ ಐದನೆಯ ತಿಂಗಳ ಸ್ಕ್ಯಾನಿಂಗ್ ಸಕಾಲದಲ್ಲಿ ನಡೆಯುತ್ತದೆ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯೂ ಇದಕ್ಕೆ ನೆರವಾಗುತ್ತದೆ.

ಈ ಭಾಗದ ಒಂದು ಸಂಪ್ರದಾಯವನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕುಬಸದ ಕಾರ್ಯವಾದ ಮೇಲೆ ಚೊಚ್ಚಲ ಬಸುರಿ ತವರಿಗೆ ಹೋಗುತ್ತಾಳೆ. ಪೀರನವಾಡಿಯಲ್ಲಿ ಸ್ಕ್ಯಾನಿಂಗ್ ಆದವಳ ತವರು ಜಾಂಬೋಟಿಯ ಆಚೆಗಿದ್ದರೆ, ಪರೀಕ್ಷೆಯ ವರದಿ ಗಂಡನ ಮನೆಯ ಕಪಾಟಿನಲ್ಲಿಯೂ ಹೆರಿಗೆ ಇನ್ನೊಂದು ಊರಿನಲ್ಲಿಯೂ ಆಗುವ ಸಂಭವವಿದೆ. ದೋಷ ಪತ್ತೆಯಾದ ಗರ್ಭಿಣಿ ತಾಯಿ ಕಾರ್ಡಿನೊಡನೆ ಎಕೋ ವರದಿಯನ್ನೂ ಜೊತೆಗೇ ಒಯ್ಯಬೇಕು. ಬಾಣಂತನ ಎಲ್ಲಿಯಾದರೂ ಆಗಲಿ, ಹೆರಿಗೆ ಮಾತ್ರ ಹೃದಯತಜ್ಞರಿರುವ ಆಸ್ಪತ್ರೆಯಲ್ಲಿ ಅಥವಾ ಅದಕ್ಕೆ ಹತ್ತಿರದಲ್ಲಿ ಆಗಬೇಕು. ಹೆರಿಗೆಯ ದಿನ ಆಷಾಢ–ಶ್ರಾವಣದಲ್ಲಿ ಬರುವುದಾದರೆ ಕೆಲವು ವಾರ ಮೊದಲೇ ಬೆಳಗಾವಿಗೆ ಬಂದು ಬಂಧುಗಳ ಮನೆಯಲ್ಲಿ ಉಳಿಯುವುದು ಕಾಡಂಚಿನ ಊರಿನವರಿಗೆ ಕ್ಷೇಮ. ಕನ್ನಡ, ಮರಾಠಿ, ಉರ್ದು, ಕೊಂಕಣಿ ಬೆರೆತಿರುವ ಈ ಸೀಮೆಯಲ್ಲಿ ವೈದ್ಯರ ವಿವರಣೆ ಗರ್ಭಿಣಿಯ ಮನೆಮಾತಿನಲ್ಲಿ ದೊರೆಯುವುದೂ ಅಷ್ಟೇ ಮುಖ್ಯ.

ಜಟಿಲ ದೋಷಗಳಿಗೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ವೈಟ್‌ಫೀಲ್ಡ್‌ನ ಶ್ರೀ ಸತ್ಯಸಾಯಿ ಆಸ್ಪತ್ರೆ, ನಾರಾಯಣ ಹೃದಯಾಲಯಗಳಿಗೆ ಹೋಗುವವರು ಬಹಳ. ಆದರೆ ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿಲೋಮೀಟರು. ಉಸಿರಿಗೆ ಒದ್ದಾಡುವ ಎರಡು ದಿನದ ಕೂಸನ್ನು ಆಂಬುಲೆನ್ಸಿನಲ್ಲಿ ಅಷ್ಟು ದೂರ ಒಯ್ಯುವುದಕ್ಕಿಂತ, ಅದು ಗರ್ಭದಲ್ಲಿರುವಾಗಲೇ ತಾಯಿಯನ್ನು ರೈಲಿನಲ್ಲಿ ಕರೆದೊಯ್ಯುವುದು ಎಷ್ಟೋ ಸುರಕ್ಷಿತ. ಪ್ರಯಾಣವನ್ನೇ ಉಳಿಸುವ ದಾರಿಯೂ ರಾಜ್ಯಕ್ಕೆ ಹೊಸದಲ್ಲ. 2002ರಲ್ಲಿಯೇ ಇಸ್ರೋದ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಸ್ಟಿಕ್‌ನಂತಹ ಸಂಗ್ರಹಗಳನ್ನು ಇಂದು ಸಾಮಾನ್ಯ ಅಂತರಜಾಲದಲ್ಲಿಯೇ ಕಳುಹಿಸಬಹುದು.

ಚಿಕಿತ್ಸೆಯ ವೆಚ್ಚಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಹೃದಯದೋಷಗಳನ್ನೂ ಒಳಗೊಂಡಿದೆ. ನೆರೆಯ ಕೇರಳವು ಹೃದಯದೋಷವುಳ್ಳ ಮಕ್ಕಳಿಗಾಗಿಯೇ ‘ಹೃದ್ಯಂ’ ಎಂಬ ಯೋಜನೆಯನ್ನು 2017ರಲ್ಲಿ ಆರಂಭಿಸಿತು.

ಗರ್ಭದಲ್ಲಿ ಪರೀಕ್ಷೆಯೇ ಆಗದ ಅಥವಾ ಪರೀಕ್ಷೆಯ ಕಣ್ಣಿಗೆ ಬೀಳದ ಶಿಶುಗಳಿಗೆ ಇನ್ನೊಂದು ಸರಳ ಉಪಾಯವಿದೆ. ಹುಟ್ಟಿದ 24 ಗಂಟೆಗಳ ನಂತರ, ಮನೆಗೆ ಕಳುಹಿಸುವ ಮೊದಲು, ಪಲ್ಸ್ ಆಕ್ಸಿಮೀಟರನ್ನು ಮಗುವಿನ ಬಲಗೈಗೂ ಒಂದು ಕಾಲಿಗೂ ಹಾಕಿ ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ನೋಡುತ್ತಾರೆ. ಅದು 95 ಪ್ರತಿಶತಕ್ಕಿಂತ ಕಡಿಮೆಯಿದ್ದರೆ ಅಥವಾ ಕೈ–ಕಾಲುಗಳ ಅಳತೆಯಲ್ಲಿ 3ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಅಳತೆಯನ್ನು ಮತ್ತೆ ಮಾಡಿ, ಹಾಗೆಯೇ ಉಳಿದರೆ ಹೃದಯದ ಎಕೋ ಪರೀಕ್ಷೆಗೆ ಕಳುಹಿಸುತ್ತಾರೆ. ಈ ಉಪಕರಣ ಕೋವಿಡ್ ಕಾಲದಿಂದೀಚೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಪರಿಚಿತ. ನವಜಾತ ಶಿಶುವಿಗೆ ಬೇಕಾದ ಚಿಕ್ಕ ಪಟ್ಟಿ ಮಾತ್ರ ಬೇರೆ.